ಮ್ಯಾಥ್ಸ್ ಪ್ರಿಪರೇಟರಿ ದಿನ ಬೆಳಗ್ಗೆ ಮಗಳು ವಾಂತಿ ಮಾಡ್ಕೊಂಡ್ಳು, ಎಸ್ಸೆಸ್ಸೆಲ್ಸಿಗೆ ಇನ್ನು ಎರಡೇ ತಿಂಗಳು, ಏನ್ ಮಾಡ್ಲಿ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದ್ಲು. ನಮ್ಮ ದೊಡ್ಡವಳು ಹತ್ತನೇ ಕ್ಲಾಸು, ಸ್ಟೇಟ್ ಸಿಲಬಸ್. ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಓದಿದ್ಲು, ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ವಿ. ಬೇರೆ ಸಬ್ಜೆಕ್ಟ್ ಎಲ್ಲಾ ಪರವಾಗಿಲ್ಲ, ಸೋಷಿಯಲ್ ಅಂತೂ ಚೆನ್ನಾಗೇ ಮಾಡ್ತಾಳೆ. ಮ್ಯಾಥ್ಸ್ ಅಂದ್ರೆ ಮಾತ್ರ ಮುಖ ಬಾಡಿಸ್ಕೊಳ್ತಾಳೆ. ಮೊನ್ನೆ ಮೊದಲ್ನೇ ಪ್ರಿಪರೇಟರಿ ಮ್ಯಾಥ್ಸ್ ದಿನ ಬೆಳಗ್ಗೆ ಇಡ್ಲಿ ತಿಂದಿದ್ದು ಅಷ್ಟೂ ವಾಂತಿ ಮಾಡ್ಕೊಂಡು ಹೋದ್ಲು, 80ಕ್ಕೆ 31 ಬಂದಿದೆ. ನಂಗೆ ಅರ್ಥ ಆಗದೇ ಇರೋದು ಏನಂದ್ರೆ ಇವಳು ಮನೇಲಿ ಲೆಕ್ಕ ಮಾಡ್ತಾಳೆ, ನಾನೇ ಪಕ್ಕದಲ್ಲಿ ಕೂತು ನೋಡಿದೀನಿ, ಒಂದೊಂದು ಅಭ್ಯಾಸ ಪೂರ್ತಿ ಮುಗಿಸ್ತಾಳೆ. ಕೇಳಿದ್ರೆ "ಪೇಪರ್ ನೋಡಿದ ತಕ್ಷಣ ತಲೆ ಖಾಲಿ ಆಗೋಯ್ತಮ್ಮ" ಅಂತ ಅಳ್ತಾಳೆ. ಅವರಪ್ಪ ಇನ್ನೊಂದು ಟ್ಯೂಷನ್ ಹಾಕೋಣ ಅಂತಿದಾರೆ (ಆಗ್ಲೇ ಒಂದಕ್ಕೆ ಹೋಗ್ತಿದಾಳೆ). ಮೇಷ್ಟ್ರುಗಳು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಚಾಕ್‌ಪೀಸ್

ಮೇಡಂ ನಾನು ಹೈಸ್ಕೂಲ್ ಗಣಿತದ ಮೇಷ್ಟ್ರು, ಇಪ್ಪತ್ತು ವರ್ಷದ ಮೇಲಾಯ್ತು, ವ್ಯಾಲ್ಯುಯೇಷನ್‌ಗೂ ಹೋಗ್ತೀನಿ. ಟ್ಯೂಷನ್ ಮಾತು ಆಮೇಲೆ. ಮೊದ್ಲು ಒಂದು ಹೇಳಿ, ಮನೇಲಿ ಲೆಕ್ಕ ಮಾಡೋವಾಗ ಪುಸ್ತಕ ತೆಗೆದಿಟ್ಕೊಂಡು ಮಾಡ್ತಾಳಾ ಮುಚ್ಚಿಟ್ಟು ಮಾಡ್ತಾಳಾ? ಆ 31 ಬಂದಿರೋ ಪೇಪರ್‌ನಲ್ಲಿ ಖಾಲಿ ಬಿಟ್ಟಿರೋದು ಜಾಸ್ತಿನಾ, ಮಾಡಿ ತಪ್ಪಾಗಿರೋದು ಜಾಸ್ತಿನಾ?

ನೇರ ಮಾತು

ಈಗಿನ ಮಕ್ಕಳಿಗೆ ಮೊಬೈಲ್ ಜಾಸ್ತಿ ಆಯ್ತು ಅಷ್ಟೇ. ನಮ್ಮ ಕಾಲದಲ್ಲಿ ಈ ಟೆನ್ಷನ್ ಗಿನ್ಷನ್ ಏನೂ ಇರ್ಲಿಲ್ಲ. ಮಗ್ಗಿ ತಪ್ಪಿದ್ರೆ ಗೆಣ್ಣಿನ ಮೇಲೆ ಸ್ಕೇಲ್ ಬೀಳ್ತಿತ್ತು, ಮಾರನೇ ದಿನ ಹತ್ತೊಂಬತ್ತರ ಮಗ್ಗಿ ತಾನಾಗೇ ಬರ್ತಿತ್ತು. ಸ್ವಲ್ಪ ಹೆದರಿಕೆ ಇರ್ಬೇಕು.

ಹುಬ್ಬಳ್ಳಿ ಹುಡುಗ

@ನೇರ ಮಾತು ಅಲ್ರೀ ಸರ, ಹಂಗ ಬಡಿಸಿಕೊಂಡವರೊಳಗ ನಾನೂ ಒಬ್ಬ. ಗಣಿತದ ಪಿರಿಯಡ್ ಬಂತಂದ್ರ ಹೊಟ್ಟ್ಯಾಗ ಕಲಸಿದಂಗ ಆಗ್ತಿತ್ತು. ಮಗ್ಗಿ ಬಂತು ಖರೇ, ಆದ್ರ ಬೋರ್ಡಿಗೆ ಕರದ್ರ ಏಳೆಂಟ್ಲೆ ಎಷ್ಟು ಅನ್ನೋದೂ ಮರ್ತು ಹೋಗ್ತಿತ್ತು. ಹತ್ತನೇತ್ತ ಗಣಿತದಾಗ ಫೇಲ್ ಆದೆ, ಆಮ್ಯಾಲೆ ಕಟ್ಟಿ ಪಾಸಾದೆ. ಈಗ ನಂದು ಹಾರ್ಡ್‌ವೇರ್ ಅಂಗಡಿ ಐತಿ, ದಿನಾ ಜಿಎಸ್‌ಟಿ, ಪರ್ಸೆಂಟೇಜು, ಚದರಡಿ ಲೆಕ್ಕ ಎಲ್ಲಾ ಬಾಯಾಗ ಮಾಡ್ತೀನಿ, ಒಂದೂ ತಪ್ಪಂಗಿಲ್ಲ. ಹಂಗಾದ್ರ ನಂಗ ಲೆಕ್ಕ ಬರ್ತಿರ್ಲಿಲ್ಲೋ, ಅಂಜಿಕಿ ಬಿಡ್ತಿರ್ಲಿಲ್ಲೋ, ನೀವ ಹೇಳ್ರಿ.

ತುಮಕೂರಿನ ಅಮ್ಮ

@ಚಾಕ್‌ಪೀಸ್ ಸರ್ ನೀವು ಕೇಳಿದ್ಮೇಲೆ ನಿನ್ನೆ ರಾತ್ರಿ ಸುಮ್ನೆ ಗಮನಿಸಿದೆ. ಪುಸ್ತಕ ತೆಗೆದೇ ಇರುತ್ತೆ. ಮೇಲೆ ಉದಾಹರಣೆ ಲೆಕ್ಕ ಇರುತ್ತಲ್ಲ ಅದನ್ನ ನೋಡ್ಕೊಂಡು ಅದೇ ಥರ ಕೆಳಗಿಂದು ಮಾಡ್ತಾಳೆ, ಸಿಕ್ಕಾಕ್ಕೊಂಡ್ರೆ ಗೈಡ್ ಪಕ್ಕದಲ್ಲೇ ಇದೆ. ಪೇಪರ್‌ನಲ್ಲಿ ಖಾಲಿ ಬಿಟ್ಟಿರೋದೇ ಜಾಸ್ತಿ ಸರ್. ಇನ್ನೊಂದು, ಎರಡು ಮೂರು ಕಡೆ ಅರ್ಧ ಮಾಡಿ ಅಡ್ಡಗೆರೆ ಎಳೆದು ಹೊಡೆದು ಹಾಕಿದಾಳೆ, ಅದ್ರಲ್ಲಿ ಒಂದು ಸರಿಯಾಗೇ ಇತ್ತಂತೆ, ಅವ್ರ ಮಿಸ್ ಪಕ್ಕದಲ್ಲಿ ಕೆಂಪಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಾರೆ.

ಚಾಕ್‌ಪೀಸ್

ಅಲ್ಲೇ ಇದೆ ನೋಡಿ ಮೇಡಂ. ಬೇಜಾರು ಮಾಡ್ಕೋಬೇಡಿ ಆದ್ರೆ ಇದನ್ನ ಹೇಳ್ಲೇಬೇಕು, ನಿಮ್ಮ ಮಗಳ ಹೆದರಿಕೆ ಪೂರ್ತಿ ಸುಳ್ಳಲ್ಲ. ಒಳಗೊಳಗೇ ಅವಳಿಗೆ ಗೊತ್ತು, ಪುಸ್ತಕ ಮುಚ್ಚಿದ್ರೆ ಕೈ ಓಡಲ್ಲ ಅಂತ. ಅದಕ್ಕೇ "ಹೆದರ್ಬೇಡ ಪುಟ್ಟಾ, ನಿಂಗೆಲ್ಲಾ ಬರುತ್ತೆ" ಅಂತ ನೀವು ಎಷ್ಟು ಹೇಳಿದ್ರೂ ನಾಟಲ್ಲ, ಅವಳ ಹೊಟ್ಟೆ ನಂಬಲ್ಲ. ಧೈರ್ಯ ಹೇಳೋದನ್ನ ಸ್ವಲ್ಪ ದಿನ ಪಕ್ಕಕ್ಕಿಡಿ, ಪರೀಕ್ಷೆಯನ್ನೇ ಪ್ರಾಕ್ಟೀಸ್ ಮಾಡಿಸಿ.

ಹೆಂಗೆ ಅಂದ್ರೆ, ಪುಸ್ತಕದಲ್ಲಿ ಅಭ್ಯಾಸ ಮಾಡೋವಾಗ ಅಧ್ಯಾಯದ ಹೆಸರೇ ಅರ್ಧ ಉತ್ತರ ಹೇಳ್ಕೊಟ್ಟಿರುತ್ತೆ. ಮೇಲೆ ಸಮಾಂತರ ಶ್ರೇಢಿ ಅಂತ ಬರೆದಿದ್ದಾಗ ಯಾವ ಸೂತ್ರ ಹಾಕ್ಬೇಕು ಅಂತ ಯಾರಾದ್ರೂ ಯೋಚ್ನೆ ಮಾಡ್ತಾರಾ? ಪರೀಕ್ಷೇಲಿ ಆ ಹೆಡಿಂಗ್ ಇರಲ್ಲ. 38 ಪ್ರಶ್ನೆ ಕಲಸಿ ಬಂದಿರುತ್ತೆ, "ಇದು ಯಾವ ಪಾಠದ್ದು" ಅಂತ ಹುಡ್ಕೋದೇ ಒಂದು ಕೆಲಸ, ಆ ಕೆಲಸವನ್ನ ಮಗು ಮನೇಲಿ ಒಂದು ದಿನನೂ ಮಾಡಿರಲ್ಲ. ತಲೆ ಖಾಲಿ ಆಗೋದು ಸಾಮಾನ್ಯವಾಗಿ ಅಲ್ಲೇ.

ನಾನು ನಮ್ಮ ಮಕ್ಕಳಿಗೆ ಮಾಡಿಸೋದು ಇದು. ಮೂರು ಬೇರೆ ಬೇರೆ ಪಾಠದಿಂದ ಐದು ಲೆಕ್ಕ ಚೀಟಿ ಮೇಲೆ ಬರ್ದು ಡಬ್ಬಿಗೆ ಹಾಕೋದು, ಪಾಠದ ಹೆಸರು ಬರೀಬಾರ್ದು. ಸಂಜೆ ಇಪ್ಪತ್ತೈದು ನಿಮಿಷ ಗಡಿಯಾರ ಇಟ್ಟು ಖಾಲಿ ಹಾಳೆ ಕೊಡಿ, ಪುಸ್ತಕ ಇನ್ನೊಂದು ರೂಮಲ್ಲಿರ್ಲಿ. ನೀವು ಪಕ್ಕದಲ್ಲಿ ಕೂರ್ಬೇಡಿ, ಅಡುಗೆ ಮನೇಲಿರಿ. ಮೊದ್ಲ ವಾರ ಎರಡೇ ಬಂದ್ರೂ ಬೈಯೋ ಹಾಗಿಲ್ಲ. ಆಮೇಲೆ ತಪ್ಪಿದ್ದನ್ನೆಲ್ಲಾ ಒಂದು ನೋಟ್‌ಬುಕ್‌ಗೆ ಬರ್ಸಿ, ಪಕ್ಕದಲ್ಲಿ ಕಾರಣ ಬರ್ಸಿ. ಗೊತ್ತೇ ಇರ್ಲಿಲ್ವಾ, ಗೊತ್ತಿತ್ತು ನೆನಪಾಗ್ಲಿಲ್ವಾ, ಇಲ್ಲಾ ಕೂಡೋದು ಕಳೆಯೋದ್ರಲ್ಲಿ ಎಡವಟ್ಟಾ. ಹತ್ತು ದಿನಕ್ಕೆ ಆ ಪುಸ್ತಕ ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ, "ನಂಗೆ ಮ್ಯಾಥ್ಸ್ ಬರಲ್ಲ" ಅನ್ನೋದು ಹೋಗಿ "ನಂಗೆ ತ್ರಿಕೋನಮಿತಿಯ ನಿತ್ಯಸಮೀಕರಣ ಬರಲ್ಲ, ಮೈನಸ್ ಚಿಹ್ನೆ ಬಿಟ್ಹೋಗುತ್ತೆ" ಅಂತ ಆಗುತ್ತೆ. ಮೊದಲ್ನೇದಕ್ಕೆ ಯಾರ ಹತ್ರನೂ ಔಷಧಿ ಇಲ್ಲ ಮೇಡಂ, ಎರಡನೇದಕ್ಕಿದೆ.

ಮಾರ್ಕ್ಸ್ ಎಲ್ಲಿದೆ ಅನ್ನೋದನ್ನೂ ತೋರ್ಸಿ. 80ರಲ್ಲಿ ಒಂದು ಮಾರ್ಕಿಂದು 16 ಪ್ರಶ್ನೆ, ಅದ್ರಲ್ಲಿ 8 ಬಹು ಆಯ್ಕೆ. ಎರಡು ಮಾರ್ಕಿಂದು 8, ಮೂರು ಮಾರ್ಕಿಂದು 9, ನಾಲ್ಕು ಮಾರ್ಕಿಂದು 4, ಐದು ಮಾರ್ಕಿಂದು ಒಂದೇ ಒಂದು. ಮಕ್ಕಳು ಹೆದ್ರಿ ಸಾಯೋದು ಆ ಕೊನೇ ಐದು ಪ್ರಶ್ನೆಗೆ, ಎಲ್ಲಾ ಸೇರಿ 21 ಮಾರ್ಕು. ಇನ್ನು 59 ಮಾರ್ಕು ಅದಕ್ಕಿಂತ ಮುಂಚೆನೇ ಇದೆ. ಶಾಲೇಲೇ ಹಾಕೋ 20 ಇಂಟರ್ನಲ್ಸ್ ಬೇರೆ.

ಕೊನೇದಾಗಿ ಆ ಅಡ್ಡಗೆರೆ ವಿಷ್ಯ. ಹೊಡೆದು ಹಾಕಿದ್ದನ್ನ ನಾವು ಲೆಕ್ಕಕ್ಕೆ ತಗೊಳಲ್ಲ, ಬಿಟ್ಟಿದ್ರೆ ಅಷ್ಟಕ್ಕಾದ್ರೂ ಸಿಗುತ್ತೆ. 7, 11, 15... ಇದ್ರ 20ನೇ ಪದ ಕೇಳಿದಾರೆ ಅನ್ಕೊಳ್ಳಿ. ಮೊದಲ್ನೇ ಪದ a ಏಳು, ವ್ಯತ್ಯಾಸ d ನಾಲ್ಕು ಅಂತ ಬರ್ದು, ಸೂತ್ರ ಬರ್ದು, ಬೆಲೆ ಹಾಕಿ 7 + 19 × 4 ತನಕ ಬಂದು, ಹತ್ತೊಂಬತ್ನಾಲ್ಕ್ಲಿ ತಪ್ಪಾಗಿ 72 ಅಂತ ಬರ್ದು ಉತ್ತರ 79 ಅಂತ ಬರೆದ್ರೂ (ಸರಿ ಉತ್ತರ 83) ಹೋಗೋದು ಕೊನೇ ಹಂತದ್ದು ಮಾತ್ರ. ನಾವು ಹಂತ ಹಂತಕ್ಕೆ ಅರ್ಧರ್ಧ ಮಾರ್ಕು ಹಾಕ್ತಾ ಹೋಗ್ತೀವಿ. ಖಾಲಿ ಜಾಗಕ್ಕೆ ಏನ್ ಹಾಕೋಕಾಗುತ್ತೆ ಹೇಳಿ, ಕೊಡ್ಬೇಕು ಅಂತ ಮನಸ್ಸಿದ್ರೂ ಆಗಲ್ಲ.

ಫೈನಲ್ ಇಯರ್ ಬಿಎಸ್ಸಿ

ಅಕ್ಕಾ ನಾನೂ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಬಂದವಳು, ನಿಮ್ಮ ಪೋಸ್ಟಲ್ಲಿ ಆ ಒಂದು ಸಾಲು ಯಾರೂ ಗಮನಿಸಿಲ್ಲ ಅನ್ಸುತ್ತೆ. ನಂದು ಪ್ರಾಬ್ಲಂ ಲೆಕ್ಕ ಆಗಿರ್ಲಿಲ್ಲ, ಪ್ರಶ್ನೆ ಆಗಿತ್ತು. ಛೇದ ಅಂದ್ರೆ ಗೊತ್ತು, ಡಿನಾಮಿನೇಟರ್ ಅಂದ್ರೆ ಒಂದು ಕ್ಷಣ ತಡೀತಿತ್ತು. ಸ್ಪರ್ಶಕ ಗೊತ್ತು, ಟ್ಯಾಂಜೆಂಟ್ ಅಂದ್ರೆ ವೃತ್ತದ್ದಾ ಇಲ್ಲಾ ಸೈನ್ ಕಾಸ್ ಜೊತೆ ಬರೋ ಟ್ಯಾನಾ ಅಂತ ಗೊಂದ್ಲ (ಎರಡಕ್ಕೂ ಒಂದೇ ಹೆಸ್ರಿಟ್ಟೋರನ್ನ ಬೈಕೊಂಡಿದೀನಿ). ಮಾತಿನ ಲೆಕ್ಕ ಅಂತೂ ಕೇಳ್ಲೇಬೇಡಿ, ಆ್ಯಂಗಲ್ ಆಫ್ ಡಿಪ್ರೆಶನ್ ಅಂತ ಓದಿ ಮೇಲಕ್ಕೆ ಚಿತ್ರ ಬರ್ದಿದ್ದೆ, ಅವನತ ಕೋನ ಅಂದಿದ್ರೆ ನಿದ್ದೇಲೂ ಕೆಳಗೆ ಬರೀತಿದ್ದೆ. ಕ್ಲಾಸಲ್ಲಿ ಕೇಳೋಕೆ ನಾಚಿಕೆ, ಇಷ್ಟೂ ಗೊತ್ತಿಲ್ವಾ ಅಂತಾರೆ ಅಂತ. ನಮ್ಮ ಚಿಕ್ಕಪ್ಪ ಕನ್ನಡ ಮೀಡಿಯಂ ಪುಸ್ತಕನೂ ತಂದ್ಕೊಟ್ರು, ಎರಡೂ ಒಂದೇ ಪಾಠ ಒಂದೇ ಲೆಕ್ಕ ತಾನೆ, ಪಕ್ಕಪಕ್ಕ ಇಟ್ಕೊಂಡು ಓದಿ ಹಾಳೆ ಮಧ್ಯ ಗೆರೆ ಎಳ್ದು ಈ ಕಡೆ ಕನ್ನಡ ಪದ ಆ ಕಡೆ ಇಂಗ್ಲಿಷ್ ಪದ ಬರ್ಕೊಂಡೆ. ಒಟ್ಟು ನೂರೂ ಚಿಲ್ರೆ ಪದ ಆಯ್ತು ಅಷ್ಟೇ. ಅವಳನ್ನ ಒಂದ್ಸಲ ಕೇಳ್ನೋಡಿ, ಲೆಕ್ಕ ಕಷ್ಟನಾ ಪ್ರಶ್ನೆ ಓದೋದು ಕಷ್ಟನಾ ಅಂತ.

ರಾತ್ರಿಪಾಳಿ

ನಾನು ಸೈಕಾಲಜಿ ಓದ್ಕೊಂಡವನು, ಈ ತಲೆ ಖಾಲಿ ಆಗೋದ್ರ ಬಗ್ಗೆ ಸ್ವಲ್ಪ. ಇದು ನಾಟ್ಕ ಅಲ್ಲ, ನಿಜಕ್ಕೂ ಆಗುತ್ತೆ. ಒಂದು ಲೆಕ್ಕ ಮಾಡೋವಾಗ ಮಧ್ಯದ ಅಂಕಿ, ಚಿಹ್ನೆ, ಮುಂದಿನ ಹಂತ ಇವನ್ನೆಲ್ಲಾ ಆ ಕ್ಷಣಕ್ಕೆ ಮನಸ್ಸಲ್ಲಿ ಹಿಡ್ಕೊಂಡಿರೋ ಜಾಗ ಅಂತ ಒಂದಿರುತ್ತೆ, ವರ್ಕಿಂಗ್ ಮೆಮೊರಿ ಅಂತಾರೆ, ತುಂಬಾ ಚಿಕ್ಕ ಜಾಗ ಅದು. "ಅಯ್ಯೋ ಫೇಲಾದ್ರೆ, ಅಪ್ಪ ಏನಂತಾರೆ" ಅನ್ನೋ ಯೋಚ್ನೆನೂ ಅದೇ ಜಾಗದಲ್ಲಿ ಬಂದು ಕೂತ್ಕೊಳುತ್ತೆ. ಆ್ಯಶ್‌ಕ್ರಾಫ್ಟ್ ಮತ್ತೆ ಕರ್ಕ್ ಅನ್ನೋರು 2001ರಲ್ಲಿ ಇದನ್ನ ತೋರಿಸಿದ್ರು, ದಶಕ ಕೈಗೆ ತಗೊಳ್ಳೋ ಥರದ ಕೂಡೋ ಲೆಕ್ಕದಲ್ಲೇ ಗಣಿತದ ಭಯ ಇರೋರು ಹೆಚ್ಚು ಎಡವ್ತಾರೆ. ಹಂಗಾಗಿ ತಲೆಯಲ್ಲಿ ಇಟ್ಕೊಳ್ಳೋದನ್ನ ಹಾಳೆಗೆ ಇಳಿಸಿದಷ್ಟೂ ಒಳ್ಳೇದು, ರಫ್ ವರ್ಕ್‌ಗೆ ಕಂಜೂಸ್ ಮಾಡ್ಬಾರ್ದು.

ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಮನಸ್ಸಲ್ಲಿರೋ ಭಯ ಎಲ್ಲಾ ಒಂದು ಹಾಳೇಲಿ ಬರ್ದ್ರೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಒಂದು ವಾಟ್ಸಾಪ್ ಫಾರ್ವರ್ಡ್ ಓಡಾಡ್ತಿರುತ್ತೆ. ಅದು 2011ರಲ್ಲಿ ಸೈನ್ಸ್ ಪತ್ರಿಕೇಲಿ ಬಂದಿದ್ದು ನಿಜ, ರಾಮಿರೆಜ್ ಮತ್ತೆ ಬೈಲಾಕ್ ಮಾಡಿದ್ದು. ಆದ್ರೆ ಆಮೇಲೆ ಬೇರೆಯವರು ದೊಡ್ಡದಾಗಿ ಮತ್ತೆ ಮಾಡಿ ನೋಡ್ದಾಗ, 2018ರಲ್ಲಿ, ಆ ಫಲಿತಾಂಶ ಸಿಗ್ಲಿಲ್ಲ. ಬರ್ದ್ರೆ ನಷ್ಟ ಏನಿಲ್ಲ, ಮ್ಯಾಜಿಕ್ ಅಂತ ನಂಬ್ಕೊಂಡು ಕೂರ್ಬೇಡಿ. ಅದಕ್ಕಿಂತ ಮೇಷ್ಟ್ರು ಹೇಳಿದ ಡಬ್ಬಿ ಚೀಟಿ ಗಟ್ಟಿ, ಓದಿದ್ದನ್ನೇ ಮತ್ತೆ ಓದೋದಕ್ಕಿಂತ ನೋಡದೇ ನೆನಪು ಮಾಡ್ಕೊಳ್ಳೋದು ಹೆಚ್ಚು ದಿನ ಉಳಿಯುತ್ತೆ ಅನ್ನೋದಕ್ಕೆ ಆಧಾರ ಚೆನ್ನಾಗಿದೆ.

ಕುಡ್ಲದ ಅಪ್ಪ

ನಾನೊಂದು ಹೇಳ್ತೇನೆ ಮಾರಾಯ್ರೆ, ಸ್ವಲ್ಪ ನಾಚಿಕೆಯ ವಿಷಯ. ನಮ್ಮ ಮಗನಿಗೆ ಹೋದ ವರ್ಷ ಇದೇ ಕತೆ. ನಾನು ಬೆಳಿಗ್ಗೆ ನಾಲ್ಕು ಗಂಟೆಗೆ ಎಬ್ಬಿಸುದು, ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ರೆ ತಲೆಗೆ ಹತ್ತುತ್ತದೆ ಅಂತ. ಅವನು ಮಲಗುದು ರಾತ್ರಿ ಹನ್ನೊಂದೂವರೆಗೆ. ಲೆಕ್ಕ ಹಾಕಿ ನೋಡಿ ಎಷ್ಟು ನಿದ್ದೆ ಆಯ್ತು ಅಂತ. ಇನ್ನು ಮನೆಗೆ ಯಾರು ಬಂದ್ರೂ "ಹತ್ತನೇಯಾ? ಲೆಕ್ಕದಲ್ಲಿ ಎಷ್ಟು ಬರ್ಬಹುದು?" ಅಂತ ಕೇಳುದೇ. ಮದುವೆ ಮನೆಯಲ್ಲಿ ಊಟಕ್ಕೆ ಕೂತಲ್ಲಿ ಸಾ ಬಿಡುದಿಲ್ಲ. ಒಂದು ದಿವಸ ಅವನು ಅವನ ಅಮ್ಮನ ಹತ್ರ ಹೇಳಿದನಂತೆ, "ನನಗೆ ಪರೀಕ್ಷೆಯ ಹೆದ್ರಿಕೆ ಇಲ್ಲ, ರಿಸಲ್ಟ್ ದಿವಸ ಅಪ್ಪನ ಮೋರೆ ನೋಡ್ಲಿಕ್ಕೆ ಹೆದ್ರಿಕೆ" ಅಂತ. ಅದು ಕೇಳಿ ನನಗೆ ಎರಡು ದಿವಸ ಸರಿ ಊಟ ಸೇರ್ಲಿಲ್ಲ.

ಮತ್ತೆ ಮಾಡಿದ್ದು ಇಷ್ಟೇ. ಹತ್ತು ಗಂಟೆಗೆ ಲೈಟ್ ಆಫ್. ನೆಂಟ್ರಿಗೆ ನಾನೇ ಫೋನಲ್ಲಿ ಹೇಳಿದೆ, ಬನ್ನಿ, ಮಾರ್ಕಿನ ಪ್ರಶ್ನೆ ಮಾತ್ರ ಬೇಡ. ಪರೀಕ್ಷೆ ಮುಗಿಸಿ ಗೇಟಿನ ಹತ್ರ ಎಲ್ಲ ಮಕ್ಕಳು ಸೇರಿ ನಿನ್ನ ಉತ್ತರ ಎಂತ ನನ್ನದು ಎಂತ ಅಂತ ನೋಡ್ತಾರಲ್ಲ, ಅಲ್ಲಿಂದ ಸೀದಾ ಕರ್ಕೊಂಡು ಬಂದೆ, ಐಸ್‌ಕ್ರೀಂ ಕೊಡ್ಸಿದೆ. ಎಷ್ಟು ಬಂತು ಅಂತ ಇಲ್ಲಿ ಹೇಳುದಿಲ್ಲ, ಪಾಸ್ ಆಗಿದ್ದಾನೆ, ಈಗ ಪಿಯುಸಿ ಕಾಮರ್ಸ್, ಖುಷಿಯಲ್ಲಿ ಉಂಟು.

ತುಮಕೂರಿನ ಅಮ್ಮ

@ಕುಡ್ಲದ ಅಪ್ಪ ಓದಿ ಕಣ್ಣಲ್ಲಿ ನೀರು ಬಂತು ಸರ್. ನಮ್ಮನೇಲಿ ಬೈಯಲ್ಲ ಹೊಡೆಯಲ್ಲ, ಆದ್ರೆ ನಾನೊಂದು ಮಾತು ಹೇಳ್ತಾನೇ ಇರ್ತೀನಿ, "ನಂಗೂ ಮ್ಯಾಥ್ಸ್ ತಲೆಗೆ ಹತ್ತುತಿರ್ಲಿಲ್ಲ, ನಮ್ಮ ಮನೆತನಕ್ಕೇ ಬಂದಿದ್ದಲ್ಲ" ಅಂತ. ಸಮಾಧಾನಕ್ಕೆ ಅಂತ ಹೇಳ್ತಿದ್ದೆ. ನಿನ್ನೆ ಅವಳು ತಂಗಿಗೆ ಅದನ್ನೇ ಹೇಳ್ಕೊಡ್ತಿದ್ಲು, "ನಮ್ಮನೇಲಿ ಯಾರಿಗೂ ಬರಲ್ಲ ಕಣೇ" ಅಂತ. ಚಿಕ್ಕವಳು ಇನ್ನೂ ನಾಲ್ಕನೇ ಕ್ಲಾಸು. @ಫೈನಲ್ ಇಯರ್ ಬಿಎಸ್ಸಿ ನೀನು ಹೇಳಿದ್ದು ನೂರಕ್ಕೆ ನೂರು ನಿಜ ಪುಟ್ಟಿ, ಕೇಳಿದೆ, ಮಾತಿನ ಲೆಕ್ಕ ಬಂದ್ರೆ ಓದೋದೇ ಇಲ್ವಂತೆ, ಉದ್ದ ನೋಡಿ ಮುಂದಕ್ಕೆ ಹೋಗ್ತಾಳಂತೆ. ಕನ್ನಡ ಪುಸ್ತಕ ಪಕ್ಕದ ಮನೆ ಹುಡುಗನ ಹತ್ರ ಇಸ್ಕೊಂಡಿದೀನಿ.

ಹತ್ತನೇ_ಬಿ_ಸೆಕ್ಷನ್

ನಾನು ಹತ್ತನೇ ಕ್ಲಾಸ್ ಸ್ಟೂಡೆಂಟ್, ಅಣ್ಣನ ಅಕೌಂಟಿಂದ ಬರೀತಿದೀನಿ. ಸರ್ ನಂಗೆ ಪರೀಕ್ಷೆಲಿ ಒಂದು ಲೆಕ್ಕ ಬರದೇ ಇದ್ರೆ ಅಲ್ಲೇ ಕೂತ್ಬಿಡ್ತೀನಿ ಬಿಡೋಕೆ ಮನಸ್ಸಾಗಲ್ಲ ಇಪ್ಪತ್ತು ನಿಮಿಷ ಹೋಗಿರುತ್ತೆ ಆಮೇಲೆ ಟೈಮ್ ನೋಡಿ ಕೈ ನಡುಗುತ್ತೆ ಆಮೇಲೆ ಬರೋ ಲೆಕ್ಕನೂ ತಪ್ಪಾಗುತ್ತೆ. ಆ ಟೈಮಲ್ಲಿ ಏನ್ ಮಾಡ್ಬೇಕು?

ಚಾಕ್‌ಪೀಸ್

@ಹತ್ತನೇ_ಬಿ_ಸೆಕ್ಷನ್ ಒಳ್ಳೇ ಪ್ರಶ್ನೆ ಕಣೋ. ಒಟ್ಟು 3 ಗಂಟೆ 15 ನಿಮಿಷ, ಅದ್ರಲ್ಲಿ 15 ನಿಮಿಷ ಬರೀ ಓದೋಕೆ. ಆ ಹೊತ್ತಲ್ಲಿ ಮೊದಲ್ನೇ ಪ್ರಶ್ನೆ ಮನಸ್ಸಲ್ಲೇ ಬಿಡಿಸ್ತಾ ಕೂರ್ಬೇಡ, ಎಲ್ಲಾ 38ನೂ ಓದು. ಇದು ಬರುತ್ತೆ, ಇದು ನೋಡೋಣ, ಇದು ಕೊನೆಗೆ ಅಂತ ಮನಸ್ಸಲ್ಲೇ ಮೂರು ಪಾಲು ಮಾಡ್ಕೊ. ಉಳಿದಿರೋದು 180 ನಿಮಿಷ, 80 ಮಾರ್ಕು, ಅಂದ್ರೆ ಮಾರ್ಕಿಗೆ ಎರಡು ನಿಮಿಷ ಹಾಕ್ಕೊಂಡ್ರೂ ಇಪ್ಪತ್ತು ನಿಮಿಷ ಮಿಕ್ಕುತ್ತೆ. ಮೂರು ಮಾರ್ಕಿನ ಲೆಕ್ಕಕ್ಕೆ ಆರು ನಿಮಿಷ ಆಯ್ತಾ, ಪೆನ್ನು ಎತ್ತು. ಹೊಡೆದು ಹಾಕ್ಬೇಡ, ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ ಹೋಗು. ಬಿಟ್ಟು ಬಂದಿದ್ದು ಸೋಲು ಅಂತ ಅನ್ಕೋಬೇಡ. ಬೇರೆ ಎರಡು ಲೆಕ್ಕ ಸರಿಯಾಗಿ ಬಂದ್ಮೇಲೆ ತಿರುಗಿ ಬಂದ್ರೆ ಎಷ್ಟೋ ಸಲ ಅದೂ ಬಂದ್ಬಿಡುತ್ತೆ.

ಏನೂ ತೋಚದಿದ್ರೆ ಚಿತ್ರ ಬರಿ, ಕೊಟ್ಟಿರೋದನ್ನ ಬರಿ. ಗೋಪುರದ ಬುಡದಿಂದ 30 ಮೀಟರ್ ದೂರದಲ್ಲಿ ಉನ್ನತ ಕೋನ 30 ಡಿಗ್ರಿ ಅಂತಿದ್ರೆ ತ್ರಿಭುಜ ಬರ್ದು ಎರಡೂ ಬೆಲೆ ಹಾಕು, ಪಕ್ಕದ ಬಾಹು ಗೊತ್ತು, ಎದುರಿನ ಬಾಹು ಬೇಕು, ಟ್ಯಾನ್ ತಾನೇ ಬಾಗ್ಲು ತಟ್ಟುತ್ತೆ. 30 ಭಾಗಿಸು √3, 10√3 ಬಂತು. ಥೇಲ್ಸ್ ಪ್ರಮೇಯ ಬಂದ್ರೂ ಅಷ್ಟೇ, ಸಾಧನೆ ಮರ್ತೋದ್ರೆ ಚಿತ್ರ, ದತ್ತ (ಕೊಟ್ಟಿರೋದು), ಸಾಧನೀಯ (ಸಾಧಿಸ್ಬೇಕಾದ್ದು) ಇಷ್ಟು ಬರ್ದು ಇಡು, ಸ್ವಲ್ಪ ಮಾರ್ಕು ಅಲ್ಲೇ ಕೂತಿರುತ್ತೆ.

ಹುಬ್ಬಳ್ಳಿ ಹುಡುಗ

ಇಂಥಾ ಮಾಸ್ತರು ನಮಗ ಸಿಗ್ಲಿಲ್ಲ ನೋಡ್ರಿ 😄 ಮತ್ತ ತಮ್ಮಾ, ಈಗ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡ್ತಾರ, ಒಂದರಾಗ ಕಡಿಮಿ ಆದ್ರ ಇನ್ನೊಂದರಾಗ ಬರಿಬಹುದು. ನಮ್ಮ ಕಾಲದಾಗ ಸಪ್ಲಿಮೆಂಟರಿ ಅನ್ನೋ ಹೆಸರ ಕೇಳಿದ್ರ ಓಣ್ಯಾಗ ಮಾರಿ ತೋರಸಾಕ ಆಗ್ತಿರ್ಲಿಲ್ಲ.

ನೇರ ಮಾತು

ಇನ್ನೊಂದು ಚಾನ್ಸ್ ಕೊಟ್ರೆ ಮಕ್ಕಳು ಇನ್ನೂ ಸೋಮಾರಿ ಆಗ್ತಾರೆ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಮೇಷ್ಟ್ರು ಹೇಳಿದ ಟೈಮ್ ಲೆಕ್ಕ ಒಪ್ತೀನಿ, ನನ್ನ ಮೊಮ್ಮಗನಿಗೆ ಓದಿ ಹೇಳ್ದೆ.

ಸ್ಕೂಲ್ ಕೌನ್ಸೆಲರ್

ತಡವಾಗಿ ಬಂದೆ, ಎರಡೇ ಮಾತು. ವಾಂತಿ ಒಂದೆರಡು ಸಲ ಪರೀಕ್ಷೆ ದಿನ ಮಾತ್ರ ಆದ್ರೆ ಇಲ್ಲಿ ಹೇಳಿರೋದೆಲ್ಲಾ ಮಾಡ್ನೋಡಿ, ಬೆಳಗ್ಗೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಒಂದು ಬಾಳೆಹಣ್ಣು, ಸ್ವಲ್ಪ ಮೊಸರನ್ನ ಸಾಕು. ಉಸಿರು ಎಳ್ಕೊಳ್ಳೋದಕ್ಕಿಂತ ಬಿಡೋದು ನಿಧಾನ ಇರ್ಲಿ, ನಾಲ್ಕು ಎಣಿಸ್ತಾ ಎಳ್ಕೊಂಡು ಆರು ಎಣಿಸ್ತಾ ಬಿಡೋದು, ಇದನ್ನ ಡಬ್ಬಿ ಚೀಟಿ ಜೊತೆ ದಿನಾ ಮಾಡ್ಸಿ, ಪರೀಕ್ಷೆ ಹಾಲಲ್ಲಿ ಮೊದಲ್ನೇ ಸಲ ಮಾಡಿದ್ರೆ ಕೆಲಸ ಮಾಡಲ್ಲ. ಆದ್ರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದಾಳೆ, ಸಾಯೋ ಮಾತಾಡ್ತಾಳೆ ಅಂದ್ರೆ ಪರೀಕ್ಷೆ ಮುಗೀಲಿ ಅಂತ ಕಾಯ್ಬೇಡಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ. ಇನ್ನು ಅಂಕಿ ಗುರುತಿಸೋದ್ರಲ್ಲೇ ಚಿಕ್ಕಂದಿನಿಂದ ತೊಂದ್ರೆ ಇರೋ ಮಕ್ಕಳಿದಾರೆ, ಅವ್ರಿಗೆ ಕಲಿಕಾ ನ್ಯೂನತೆ ಅಂತ ಸರ್ಟಿಫಿಕೇಟ್ ಇದ್ರೆ ಪರೀಕ್ಷೇಲಿ ಹೆಚ್ಚು ಸಮಯದಂಥ ರಿಯಾಯ್ತಿ ಇರುತ್ತೆ, ಆದ್ರೆ ಶಾಲೆ ಮೂಲಕ ಮುಂಚೆನೇ ಅರ್ಜಿ ಹೋಗಿರ್ಬೇಕು.

ತುಮಕೂರಿನ ಅಮ್ಮ

ಒಂದು ತಿಂಗಳಾದ್ಮೇಲೆ ಬರೀತಿದೀನಿ, ಕೇಳ್ದೋರಿಗೆಲ್ಲಾ ಥ್ಯಾಂಕ್ಸ್. ಎರಡನೇ ಟ್ಯೂಷನ್ ಹಾಕ್ಲಿಲ್ಲ. ಡಬ್ಬಿ ಶುರು ಮಾಡ್ದಾಗ ಮೊದ್ಲ ದಿನ ಐದರಲ್ಲಿ ಒಂದು ಬಂತು, ಚೀಟಿ ಹರ್ದು ಬಿಸಾಕಿದ್ಲು. ನಾನೂ ಸುಮ್ನಿರೋಕಾಗ್ದೆ ಏನೋ ಅಂದೆ, ದೊಡ್ಡ ಜಗಳ ಆಯ್ತು, ಎರಡು ದಿನ ಡಬ್ಬಿ ಮುಟ್ಲಿಲ್ಲ. ಆಮೇಲೆ ಅವರಪ್ಪ ಒಂದು ಉಪಾಯ ಮಾಡಿದ್ರು, ಚೀಟಿ ತೆಗೆದು ಅವರೂ ಪಕ್ಕದಲ್ಲಿ ಕೂತು ಮಾಡೋಕೆ ಶುರು ಮಾಡಿದ್ರು, ಅವ್ರಿಗೆ ವರ್ಗ ಸಮೀಕರಣ ಪೂರ್ತಿ ಮರ್ತೋಗಿದೆ, ಇವಳೇ ಹೇಳ್ಕೊಡ್ಬೇಕಾಯ್ತು. ಅಲ್ಲಿಂದ ಸ್ವಲ್ಪ ಸರಿ ಹೋಯ್ತು. ಎರಡನೇ ಪ್ರಿಪರೇಟರಿಲಿ 44 ಬಂದಿದೆ. ಬೆಳಗ್ಗೆ ಹೊಟ್ಟೆನೋವು ಅಂದ್ಲು, ವಾಂತಿ ಆಗ್ಲಿಲ್ಲ. ಒಂದು ನಾಲ್ಕು ಮಾರ್ಕಿಂದು ಬಿಟ್ಟು ಬಂದೆ, ಜಾಗ ಬಿಟ್ಟಿದ್ದೆ ಅಂತ ಅವಳೇ ಹೇಳಿದ್ಲು. ಈಗ ಒಂದು ಡೌಟ್ ಸರ್, ಗ್ರಾಫ್‌ನಲ್ಲಿ ಎರಡು ಗೆರೆ ಸೇರೋ ಜಾಗ ಯಾವಾಗ್ಲೂ ತಪ್ಪು ಬರುತ್ತೆ ಅವಳಿಗೆ.

ಚಾಕ್‌ಪೀಸ್

44 ಬಹಳ ಚೆನ್ನಾಗಿದೆ ಮೇಡಂ. ಗ್ರಾಫ್‌ಗೆ ಅವಳು ಎರಡೇ ಬಿಂದು ತಗೊಳ್ತಿರ್ಬೇಕು ನೋಡಿ. ಎರಡು ಬಿಂದು ತಪ್ಪಿದ್ರೂ ಗೆರೆ ಬಂದೇ ಬರುತ್ತೆ, ತಪ್ಪು ಗೊತ್ತಾಗಲ್ಲ. ಮೂರು ತಗೊಂಡ್ರೆ ಒಂದು ತಪ್ಪಾದ ತಕ್ಷಣ ಅದು ಗೆರೆ ಬಿಟ್ಟು ಆಚೆ ನಿಂತಿರುತ್ತೆ. x + y = 5ಕ್ಕೆ (0,5), (5,0), (2,3). 2x − y = 4ಕ್ಕೆ (0,−4), (2,0), (4,4). ಸೇರೋದು (3,2)ನಲ್ಲಿ, ಅದನ್ನ ಎರಡೂ ಸಮೀಕರಣಕ್ಕೆ ಹಾಕಿ ತಾಳೆ ನೋಡ್ಲಿ. ಸ್ಕೇಲ್ (ಒಂದು ಸೆಂಟಿಮೀಟರ್ ಅಂದ್ರೆ ಎಷ್ಟು ಅಂತ) ಮೂಲೇಲಿ ಬರಿಯೋದು ಮರೀಬಾರ್ದು, ಪೆನ್ಸಿಲ್ ಚೂಪಾಗಿರ್ಲಿ.

ತುಮಕೂರಿನ ಅಮ್ಮ

ಸರಿ ಸರ್. ಅವಳೇ ಪಕ್ಕದಲ್ಲಿ ಕೂತು ಇದನ್ನೆಲ್ಲಾ ಮೇಲಿಂದ ಓದ್ತಾ ಇದಾಳೆ ಈಗ. ಮೂರು ಬಿಂದು ಬರ್ಕೊಂಡ್ಲು. "ನಾನು ವಾಂತಿ ಮಾಡ್ಕೊಂಡಿದ್ದನ್ನ ಹೆಡಿಂಗ್‌ನಲ್ಲೇ ಹಾಕಿದೀಯಲ್ಲಮ್ಮ, ತೆಗಿ" ಅಂತ ಬೈತಿದಾಳೆ, ಹೆಡಿಂಗ್ ಬದಲಾಯಿಸೋದು ಹೆಂಗೆ ಅಂತ ಯಾರಾದ್ರೂ ಹೇಳ್ತೀರಾ?